ಕೋಷ್ಟಕಕ್ಕೆ ಸಾಲು ಸೇರಿಸಿದ ವಾಕ್ಯ

1970ರಲ್ಲಿ ಐಬಿಎಂನ ಗಣಿತಜ್ಞ ಎಡ್ಗರ್ ಕಾಡ್ ಒಂದು ಪ್ರಬಂಧ ಪ್ರಕಟಿಸಿದರು. ಮಾಹಿತಿಯನ್ನೆಲ್ಲ ಸಾಲು, ಕಂಬಗಳ ಸರಳ ಕೋಷ್ಟಕಗಳಲ್ಲಿ ಇಡಬಹುದು ಎಂಬುದು ಅದರ ಸಾರ. ನ್ಯೂಯಾರ್ಕ್ ರಾಜ್ಯದ ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದ ಡಾನ್ ಚೇಂಬರ್ಲಿನ್ ಹಳೆಯ ಬಗೆಯ ಡೇಟಾಬೇಸ್‌ಗಳಲ್ಲಿ ಮುಳುಗಿದ್ದರು. ಒಂದು ವಿಚಾರಗೋಷ್ಠಿಯಲ್ಲಿ ಕಾಡ್ ಅವರ ಮಾತು ಕೇಳಿ ಅವರು ಬೆರಗಾದರು. ತಾವು ಐದು ಪುಟಗಳಷ್ಟು ಪ್ರೋಗ್ರಾಂ ಬರೆಯಬೇಕಿದ್ದ ಪ್ರಶ್ನೆಯನ್ನು ಕಾಡ್ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದರು!

ಆದರೆ ಆ ಒಂದು ಸಾಲಿನ ತುಂಬ ಗಣಿತದ ಚಿಹ್ನೆಗಳೇ. ಲೆಕ್ಕ ಬರೆಯುವ ಗುಮಾಸ್ತ ಅದನ್ನು ಓದುವುದು ಹೇಗೆ? ಚೇಂಬರ್ಲಿನ್ ಮತ್ತು ಗೆಳೆಯ ರೇ ಬಾಯ್ಸ್ ಹಟ ಹಿಡಿದರು. ‘ಮೇಲಧಿಕಾರಿಗಿಂತ ಹೆಚ್ಚು ಸಂಬಳ ಪಡೆಯುವವರು ಯಾರು?’ ಎಂಬಂಥ ಪ್ರಶ್ನೆಗಳನ್ನು ಒಬ್ಬರಿಗೊಬ್ಬರು ಒಡ್ಡಿ, ಸುಲಭವಾಗಿ ಬರೆಯುವ ದಾರಿ ಹುಡುಕಿದರು. ಹಾಗೆ ಹುಟ್ಟಿದ್ದು ‘ಸ್ಕ್ವೇರ್’. ಅದೂ ಎಡವಿತು: ಅದರಲ್ಲಿ ಅಕ್ಷರಗಳ ಕೆಳಗೆ ಪುಟ್ಟ ಅಕ್ಷರ ಬರೆಯಬೇಕಿತ್ತು, ಕೀಲಿಮಣೆಯಲ್ಲಿ ಅದನ್ನು ಒತ್ತುವುದೇ ಕಷ್ಟವಾಗಿತ್ತು.

1973ರಲ್ಲಿ ಇಬ್ಬರೂ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಹೋದರು. ಚಿಹ್ನೆಗಳನ್ನು ಬದಿಗಿಟ್ಟು ದಿನಬಳಕೆಯ ಇಂಗ್ಲಿಷ್ ಪದಗಳನ್ನೇ ಕೈಗೆತ್ತಿಕೊಂಡರು. ಹೊಸ ಭಾಷೆಗೆ ‘ಸೀಕ್ವೆಲ್’ ಎಂದು ಹೆಸರಿಟ್ಟು 1974ರ ಮೇ ತಿಂಗಳಲ್ಲಿ ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ಲೋಕದ ಮುಂದಿಟ್ಟರು. ಐಬಿಎಂನ ಸಂಶೋಧಕಿ ಫಿಲಿಸ್ ರೈಸ್ನರ್ ಸ್ಕ್ವೇರ್, ಸೀಕ್ವೆಲ್ ಎರಡೂ ಭಾಷೆಗಳನ್ನು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದರು. ಪ್ರೋಗ್ರಾಮಿಂಗ್ ಗೊತ್ತಿಲ್ಲದವರಿಗೆ ಸೀಕ್ವೆಲ್ಲೇ ಹೆಚ್ಚು ಒಗ್ಗಿತು.

ಆನ್ ಆರ್ಬರ್‌ನ ಸಂಭ್ರಮದ ಬೆನ್ನಿಗೇ ಬರಸಿಡಿಲು ಎರಗಿತು. ಜೂನ್‌ನಲ್ಲಿ, ಇನ್ನೂ ಮೂವತ್ತು ತುಂಬದ ಬಾಯ್ಸ್ ಮಿದುಳಿನ ರಕ್ತನಾಳ ಒಡೆದು ತೀರಿಕೊಂಡರು.

ಕೆಲಸ ಇನ್ನೂ ಅರ್ಧದಲ್ಲೇ ಇತ್ತು. ಪ್ರಶ್ನೆ ಕೇಳುವ ಬಗೆ ಸಿಕ್ಕಿತ್ತು. ಆದರೆ ಕೋಷ್ಟಕಕ್ಕೆ ಹೊಸ ಸಾಲು ಸೇರಿಸಲೂ ಅಷ್ಟೇ ಸಲೀಸಾದ ವಾಕ್ಯ ಬೇಕಿತ್ತು. ಚೇಂಬರ್ಲಿನ್ ಮತ್ತು ಸಂಗಡಿಗರು ದುಡಿದು, 1976ರಲ್ಲಿ ಸೇರಿಸುವ, ತಿದ್ದುವ, ಅಳಿಸುವ ಕೆಲಸಗಳನ್ನೂ ಅದೇ ಭಾಷೆಯೊಳಗೆ ತಂದರು. ಅಲ್ಲಿ ಹೊಸ ಸಾಲಿನ ಮೌಲ್ಯಗಳು ಇನ್ನೂ ಕೋನಾಕಾರದ ಆವರಣದೊಳಗೆ ಕೂತಿದ್ದವು. ಗಣಿತದ ನೆರಳು ಪೂರ್ತಿ ಸರಿದಿರಲಿಲ್ಲ. ಮುಂದೆ ಆ ಜಾಗಕ್ಕೆ ‘ವ್ಯಾಲ್ಯೂಸ್’ ಎಂಬ ಪದ ಬಂತು. ಬ್ರಿಟನ್ನಿನ ವಿಮಾನ ಕಂಪನಿಯೊಂದರ ಟ್ರೇಡ್‌ಮಾರ್ಕ್ ಅಡ್ಡ ಬಂದು ‘ಸೀಕ್ವೆಲ್’ ಹೆಸರು ‘ಎಸ್‌ಕ್ಯೂಎಲ್’ ಆಯಿತು. 1986ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಅದಕ್ಕೆ ಮುದ್ರೆಯೊತ್ತಿತು.

ಇಷ್ಟೆಲ್ಲ ಪಾಡುಪಟ್ಟು ಸಿಕ್ಕ ವಾಕ್ಯ ಇದು: ‘ಇನ್ಸರ್ಟ್ ಇಂಟು ನೌಕರರು (ಸಂಖ್ಯೆ, ಹೆಸರು) ವ್ಯಾಲ್ಯೂಸ್ (51, 'ರಮೇಶ')’. ಮೊದಲು ಕೋಷ್ಟಕದ ಹೆಸರು, ಆಮೇಲೆ ಕಂಬಗಳ ಹೆಸರು, ಕೊನೆಗೆ ಅದೇ ಅನುಕ್ರಮದಲ್ಲಿ ಮೌಲ್ಯಗಳು. ಹೆಸರಿಸದ ಕಂಬಕ್ಕೆ ಮೊದಲೇ ಗೊತ್ತುಪಡಿಸಿದ ಮೌಲ್ಯ ಬೀಳುತ್ತದೆ, ಇಲ್ಲದಿದ್ದರೆ ಅದು ಖಾಲಿ ಉಳಿಯುತ್ತದೆ. ಸಾಲು ಡಿಸ್ಕಿನ ಯಾವ ಮೂಲೆಗೆ ಹೋಗಬೇಕೆಂಬ ಚಿಂತೆ ಬರೆಯುವವರಿಗಿಲ್ಲ. ಅದು ಯಂತ್ರದ ಪಾಲಿನ ಕೆಲಸ.