ದೊಡ್ಡ ಟಿ.ವಿ. ಕೊಳ್ಳುವ ಮುನ್ನ ಜಗಲಿ ಅಳೆಯಿರಿ

ಅಡಿಕೆಯ ಹಣ ಕೈಸೇರಿದಾಗ ಮನೆಗೊಂದು ದೊಡ್ಡ ಟಿ.ವಿ. ಬೇಕೆಂಬ ಮಾತು ಏಳುವುದು ಸಹಜ. ಅಂಗಡಿಯವರು ಹೇಳುವ ‘ಫುಲ್ ಎಚ್.ಡಿ.’, ‘4ಕೆ’ ಎಂಬುವು ಪರದೆಯ ಚುಕ್ಕೆಗಳ ಲೆಕ್ಕ. ಫುಲ್ ಎಚ್.ಡಿ.ಯಲ್ಲಿ ಅಡ್ಡಕ್ಕೆ 1920, ಮೇಲಿನಿಂದ ಕೆಳಕ್ಕೆ 1080. ಒಟ್ಟು ಸುಮಾರು 20.7 ಲಕ್ಷ. 4ಕೆಯಲ್ಲಿ ಅದರ ನಾಲ್ಕು ಪಟ್ಟು.

ಆದರೆ ಆ ಹೆಚ್ಚಿನ ಚುಕ್ಕೆಗಳು ಕಾಣಬೇಕಾದರೆ ಹತ್ತಿರ ಕೂರಬೇಕು. 43 ಅಂಗುಲದ ಪರದೆಯನ್ನು ಸುಮಾರು ಐದೂವರೆ ಅಡಿಗಿಂತ, 55 ಅಂಗುಲದ್ದನ್ನು ಸುಮಾರು 7 ಅಡಿಗಿಂತ ದೂರದಿಂದ ನೋಡಿದರೆ ಸಾಮಾನ್ಯ ದೃಷ್ಟಿಗೆ ಎರಡರ ವ್ಯತ್ಯಾಸ ತಿಳಿಯುವುದು ಕಷ್ಟ. ನಮ್ಮ ಜಗಲಿಗಳಲ್ಲಿ ಎದುರಿನ ಗೋಡೆಗೂ ಕುರ್ಚಿಗೂ 10 ಅಡಿ ಅಂತರ ಇರುವುದುಂಟು.

ಬರುವ ಚಿತ್ರವೂ ಚೆನ್ನಾಗಿರಬೇಕಷ್ಟೆ. ಡಿ.ಡಿ. ಫ್ರೀ ಡಿಶ್‌ನ ಹೆಚ್ಚಿನ ವಾಹಿನಿಗಳು 576 ಗೆರೆಗಳವು. 4ಕೆ ಪರದೆ ಅವನ್ನು ಹಿಗ್ಗಿಸೀತು, ಇಲ್ಲದ ವಿವರವನ್ನು ತಂದುಕೊಡದು. ಅಂತರ್ಜಾಲದ 4ಕೆ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 15 ಮೆಗಾಬಿಟ್ ವೇಗ ಬೇಕು.

ಸದಸ್ಯರಿಗೆ ನಾವು ಹೇಳುವುದಿಷ್ಟೆ: ಮೊದಲು ಕುರ್ಚಿಯಿಂದ ಗೋಡೆಯವರೆಗೆ ಅಳೆಯಿರಿ, ಮನೆಯ ಸಂಪರ್ಕ ಯಾವುದೆಂದು ನೋಡಿರಿ. 43 ಅಂಗುಲವನ್ನು ದೂರದಿಂದ ನೋಡುವವರಿಗೆ ಫುಲ್ ಎಚ್.ಡಿ. ಸಾಕು. 55 ಅಂಗುಲದಲ್ಲಿ ಸಿಗುವುದು ಬಹುತೇಕ 4ಕೆಯೇ. ಅಲ್ಲಿ ಚುಕ್ಕೆಗಳ ಚಿಂತೆ ಬಿಟ್ಟು ಬಣ್ಣ, ಬೆಳಕು, ರಿಪೇರಿ ಸೌಕರ್ಯ ವಿಚಾರಿಸಿರಿ. ಉಳಿಸಿದ ಹಣ ತೋಟದ ಗೊಬ್ಬರಕ್ಕಾದೀತು.