ಎಣಿಸುವ ಚಿಪ್ಪು ಮತ್ತು ನಮ್ಮ ಶ್ರುತಿ

ಬೆಂಗಳೂರಿನ ದಂಡುಪ್ರದೇಶದಿಂದ ಪೂರ್ವಕ್ಕೆ ಹೋಗುವವರಿಗೆ ಹಲಸೂರನ್ನು ದಾಟಿದೊಡನೆ ಕಾರ್ಖಾನೆಗಳ ಸೀಮೆ ಮೊದಲಾಗುತ್ತದೆ. 1940ರಲ್ಲಿ ಸ್ಥಾಪಿತವಾದ ವಿಮಾನ ಕಾರ್ಖಾನೆ ಇರುವುದು ಇಲ್ಲಿಯೇ. 1948ರಲ್ಲಿ ಆರಂಭವಾದ ದೂರವಾಣಿ ಕಾರ್ಖಾನೆ ಕೃಷ್ಣರಾಜಪುರದ ಬಳಿಯದು. ಈ ಸೀಮೆಯ ಯಂತ್ರವಿದ್ಯೆ ಸಂಗೀತಕ್ಕೂ ಒದಗಿಬಂದಿತೆಂಬುದು ಗಮನಾರ್ಹ. ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ ವೇಣುವಾದಕ ಶ್ರೀ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರಚಿಸಿದರು. ಅವರ ರಾಡೆಲ್ ಸಂಸ್ಥೆಯ ಪೆಟ್ಟಿಗೆಗಳು ದೇಶದಲ್ಲೆಲ್ಲ ಹರಡಿದವು. ಇಂದು ಹಲಸೂರಿನಲ್ಲಾಗಲಿ ಇಂದಿರಾನಗರದಲ್ಲಾಗಲಿ ಸಂಗೀತಪಾಠ ನಡೆಯುವ ಮನೆಯನ್ನು ಹೊಕ್ಕರೆ ಮರದ ತಂಬೂರಕ್ಕಿಂತ ಇಂತಹ ಪೆಟ್ಟಿಗೆಯೇ ಮೊದಲು ಕಿವಿಗೆ ಬೀಳುವ ಸಂಭವ ಹೆಚ್ಚು.

ಅದೇ ಕಾಲದಲ್ಲಿ ಹೊರದೇಶಗಳಲ್ಲಿ ಮನೆಬಳಕೆಯ ಗಣಕಯಂತ್ರಗಳಿಗೂ ಆಟದ ಯಂತ್ರಗಳಿಗೂ ನಾದ ಹೊರಡಿಸುವ ಅಗ್ಗದ ಚಿಪ್ಪುಗಳು ಸಿದ್ಧವಾದವು. ಆ ಹಳೆಯ ಚಿಪ್ಪುಗಳಿಂದಲೇ ರಚಿಸುವ ಸಂಗೀತಕ್ಕೆ ಈಗ ಚಿಪ್‌ಟ್ಯೂನ್ ಎಂಬ ಹೆಸರು ರೂಢಿಯಲ್ಲಿದೆ. ಇವು ಪಿಯಾನೋವಿನ ಸಮಭಾಗದ ಸ್ವರಗಳಿಗೆ ಕಟ್ಟುಬಿದ್ದವು, ನಮ್ಮ ಶ್ರುತಿಗೆ ಒಗ್ಗವು ಎಂಬ ಮಾತನ್ನು ಸಂಗೀತಗಾರರಿಂದ ಕೇಳುತ್ತೇವೆ. ಈ ಆಕ್ಷೇಪ ಚಿಪ್ಪಿಗೆ ಸಲ್ಲತಕ್ಕದ್ದಲ್ಲವೆಂದು ನಮ್ಮ ಅಭಿಪ್ರಾಯ.

ಕಾರಣವನ್ನು ತಿಳಿಯಲು ಒಂದು ಚಿಪ್ಪನ್ನು ವಿವರವಾಗಿ ನೋಡೋಣ. ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ ಸಂಸ್ಥೆಯ ಎಸ್‌ಎನ್ 76489 ಎಂಬುದು 1981ರ ಬಿಬಿಸಿ ಮೈಕ್ರೊ ಗಣಕದಲ್ಲಿತ್ತು. ಈ ಗಣಕ ನಮ್ಮವರಿಗೆ ಅಪರಿಚಿತವಲ್ಲ. 1984–85ರಲ್ಲಿ ಮೊದಲಾದ ‘ಕ್ಲಾಸ್’ ಯೋಜನೆಯ ಮೂಲಕ ನಮ್ಮ ದೇಶದ ಆಯ್ದ ಶಾಲೆಗಳಿಗೆ ಬಂದದ್ದು ಇದೇ. ಇದರ ಚಿಪ್ಪಿನಲ್ಲಿ ಸ್ವರಕ್ಕೆ 3 ದಾರಿಗಳೂ ಮೊರೆತದಂತಹ ಸದ್ದಿಗೆ 1 ದಾರಿಯೂ ಇವೆ. ಸೆಕೆಂಡಿಗೆ 40 ಲಕ್ಷ ಮಿಡಿತಗಳು ಹೊರಗಿನಿಂದ ಬರುತ್ತವೆ. ಚಿಪ್ಪು ಅವನ್ನು ಮೊದಲು 32ರಿಂದ, ಅನಂತರ ನಾವು ಕೊಟ್ಟ ಪೂರ್ಣಾಂಕದಿಂದ ಭಾಗಿಸುತ್ತದೆ. ಉಳಿದದ್ದೇ ಸ್ವರದ ಕಂಪನಸಂಖ್ಯೆ. ಚಿಪ್ಪಿಗೆ ಗೊತ್ತಿರುವುದು ಎಣಿಕೆಯೊಂದೇ. ಪಿಯಾನೋ ಅದಕ್ಕೆ ಗೊತ್ತಿಲ್ಲ.

ಈಗ ಷಡ್ಜಕ್ಕೆ 360 ಎಂಬ ಭಾಜಕವನ್ನು ಕೊಡೋಣ. ಸೆಕೆಂಡಿಗೆ ಸುಮಾರು 347 ಕಂಪನಗಳ ನಾದ ಹೊರಡುತ್ತದೆ. ಹಾರ್ಮೋನಿಯಂ ಲೆಕ್ಕದಲ್ಲಿ 4 ಮನೆ ಶ್ರುತಿಗಿಂತ ಕೂದಲೆಳೆಯಷ್ಟು ಕೆಳಗೆ. ಪಂಚಮ ಷಡ್ಜದ ಒಂದೂವರೆಯಷ್ಟಾದ್ದರಿಂದ ಅದರ ಭಾಜಕ 240. ಇದೇ ಕ್ರಮದಲ್ಲಿ ಚತುಃಶ್ರುತಿ ರಿಷಭಕ್ಕೆ 320, ಅಂತರ ಗಾಂಧಾರಕ್ಕೆ 288, ಶುದ್ಧ ಮಧ್ಯಮಕ್ಕೆ 270, ಚತುಃಶ್ರುತಿ ಧೈವತಕ್ಕೆ 216, ಕಾಕಲಿ ನಿಷಾದಕ್ಕೆ 192, ತಾರಷಡ್ಜಕ್ಕೆ 180. ಶಂಕರಾಭರಣದ ಸ್ವರಗಳೆಲ್ಲವೂ ಒಂದು ಭಿನ್ನರಾಶಿಯ ತೊಡಕೂ ಇಲ್ಲದೆ ಪೂರ್ಣಾಂಕಗಳಲ್ಲಿ ಕುಳಿತವು! ಸಮಭಾಗದ ಸ್ವರಗಳನ್ನು ಇದೇ ಚಿಪ್ಪಿನಿಂದ ಪಡೆಯಲು ಹೋದರೆ ಅಂದಾಜಿನ ಸಂಖ್ಯೆಗಳಿಂದ ತೃಪ್ತಿಪಡಬೇಕಾಗುತ್ತದೆ. ಒಗ್ಗದಿರುವಿಕೆ ಯಾರ ಕಡೆಯದೆಂಬುದನ್ನು ವಾಚಕರೇ ನಿರ್ಣಯಿಸಲಿ.

ಭಾಜಕ ಹೆಚ್ಚಿದಷ್ಟೂ ಸ್ವರ ತಗ್ಗುವುದು ವೀಣೆಯ ತಂತಿಯ ಉದ್ದಕ್ಕೂ ಸ್ವರಕ್ಕೂ ಇರುವ ಸಂಬಂಧವೇ ಆಗಿದೆ. 17ನೆಯ ಶತಮಾನದ ‘ಸಂಗೀತ ಪಾರಿಜಾತ’ದಲ್ಲಿ ಅಹೋಬಲನು ಸ್ವರಸ್ಥಾನಗಳನ್ನು ತಂತಿಯ ಉದ್ದದ ಭಾಗಗಳಿಂದಲೇ ನಿರ್ದೇಶಿಸಿದ್ದಾನೆ. ಆ ದೃಷ್ಟಿಯಿಂದ ಈ ಚಿಪ್ಪು 360 ಗೆರೆಗಳನ್ನು ಎಳೆದಿಟ್ಟ ಒಂದು ತಂತಿ. ಆದರೆ ಗೆರೆಗಳ ನಡುವೆ ಬೆರಳಿಡುವಂತಿಲ್ಲ. ರಿಷಭಕ್ಕೆ ನೇರ ಪಂಚಮವಾಗುವ ಧೈವತ ಬೇಕಾದರೆ 213 1/3 ಬರೆಯಬೇಕು, ಅದು ಸಾಧ್ಯವಿಲ್ಲ. ಷಡ್ಜವನ್ನು 1080ಕ್ಕೆ ಏರಿಸಿದರೆ ತೊಂದರೆ ನೀಗುತ್ತದೆ, ಆದರೆ ಈ ಚಿಪ್ಪಿನ ಮಿತಿ 1023. ಜನರಲ್ ಇನ್ಸ್ಟ್ರುಮೆಂಟ್ ಸಂಸ್ಥೆಯ ಎವೈ-3-8910 ಎಂಬ ಚಿಪ್ಪು 4095ರ ವರೆಗೆ ಎಣಿಸಬಲ್ಲುದಾದ್ದರಿಂದ ಅದರಲ್ಲಿ ಇದಕ್ಕೂ ಅವಕಾಶವುಂಟು.

ಹಾಗಾದರೆ ಅಪವಾದ ಎಲ್ಲಿಂದ ಬಂತು? ಬಿಬಿಸಿ ಗಣಕದ ಬೇಸಿಕ್ ಭಾಷೆಯಲ್ಲಿ ‘ಸೌಂಡ್’ ಎಂಬ ಆಜ್ಞೆಯಿದೆ. ಶಾಲೆಯ ಹುಡುಗರು ಬಲ್ಲದ್ದು ಇದನ್ನೇ. ಈ ಆಜ್ಞೆ ಭಾಜಕವನ್ನು ಕೇಳುವುದಿಲ್ಲ; ಒಂದು ಸ್ಥಾಯಿಯನ್ನು 48 ಸಮಭಾಗ ಮಾಡಿ ಆ ಮೆಟ್ಟಿಲುಗಳಲ್ಲಿ ಒಂದನ್ನು ಆರಿಸಿಕೊಳ್ಳೆನ್ನುತ್ತದೆ. ಸ್ಥಾಯಿಗೆ 1200 ಸೆಂಟುಗಳೆಂಬ ಅಳತೆಯಲ್ಲಿ ಒಂದು ಮೆಟ್ಟಿಲು 25 ಸೆಂಟು. ನಮ್ಮ ಪ್ರಮಾಣಶ್ರುತಿಯಾದರೋ ಸುಮಾರು 21 1/2 ಸೆಂಟು. ಮೆಟ್ಟಿಲೇ ಅದಕ್ಕಿಂತ ದೊಡ್ಡದು! ಅಂತರ ಗಾಂಧಾರ ಇರತಕ್ಕದ್ದು 386ರಲ್ಲಿ. ದೊರೆಯುವುದು 375 ಅಥವಾ 400. ಕಿವಿ ಪಳಗಿದವರಿಗೆ ಎರಡೂ ಅಪಸ್ವರವೇ. ಆಜ್ಞೆಯನ್ನು ಬದಿಗಿಟ್ಟು, ಯಂತ್ರಭಾಷೆಯಲ್ಲಿ ಚಿಪ್ಪಿಗೆ ನೇರವಾಗಿ 288 ಎಂದು ಬರೆದರೆ ಗಾಂಧಾರ ತನ್ನ ಸ್ಥಾನದಲ್ಲಿ ನಿಲ್ಲುತ್ತದೆ. ಶಾಲೆಗೆ ಬಂದ ಯಂತ್ರದೊಳಗೆ ಇದ್ದ ಸಾಮರ್ಥ್ಯವನ್ನು ಅದರ ಜೊತೆ ಬಂದ ಭಾಷೆಯೇ ಮರೆಮಾಡಿತು.

ತಂಬೂರದ ವಿಚಾರ ಬೇರೆ. ಅದರ 4 ತಂತಿಗಳಲ್ಲಿ ಕೇಳುವ ಸ್ವರಗಳು ಮೂರೇ: ಮಂದ್ರ ಪಂಚಮ 480, ಷಡ್ಜ 360, ಮಂದ್ರ ಷಡ್ಜ 720. ಮೂರು ದಾರಿಗಳಿಗೆ ಸರಿಯಾಗಿ ಮೂರು ಸ್ವರ. ಧ್ವನಿಯನ್ನು 2 ಡೆಸಿಬೆಲ್ಲಿನ ಮೆಟ್ಟಿಲುಗಳಲ್ಲಿ ಇಳಿಸುವ ಸೌಕರ್ಯವಿರುವುದರಿಂದ ಮಿಡಿದ ತಂತಿ ಕುಗ್ಗುವಂತೆಯೂ ಮಾಡಬಹುದು. ಇಷ್ಟಾದರೂ ಅದು ತಂಬೂರವೆನಿಸುವುದಿಲ್ಲ. ಚಿಪ್ಪು ಕೊಡುವ ಚೌಕತರಂಗದಲ್ಲಿ ಮೂಲಸ್ವರದ 3, 5, 7 ಮೊದಲಾದ ಬೆಸ ಪಟ್ಟಿನ ಮೇಲ್ಸ್ವರಗಳು ಮಾತ್ರ ಇರುತ್ತವೆ, ಅವೂ ಕದಲದೆ ನಿಂತಿರುತ್ತವೆ. ತಂಬೂರದ ತಂತಿಯನ್ನು ಎಲ್ಲಿ ಮಿಡಿದರೂ, ಆ ಸ್ಥಾನದಿಂದ ಹುಟ್ಟಬಾರದ ಮೇಲ್ಸ್ವರಗಳೂ ಕೇಳಿಬರುತ್ತವೆಂದು ಸರ್ ಸಿ. ವಿ. ರಾಮನ್ ಅವರು 1920ರ ದಶಕದ ಆರಂಭದಲ್ಲಿಯೇ ತೋರಿಸಿದ್ದರು. ಕುದುರೆಯೂ ಅದರ ಮೇಲಿನ ಜೀವಾಳದ ದಾರವೂ ಇದಕ್ಕೆ ಕಾರಣ. ಮುಂದೆ ಶ್ರುತಿಪೆಟ್ಟಿಗೆಗಳನ್ನು ಮಾಡಿದವರು ನಿಜವಾದ ತಂಬೂರದ ಧ್ವನಿಯನ್ನೇ ಸ್ಮೃತಿಚಿಪ್ಪುಗಳಲ್ಲಿ ತುಂಬಿದ್ದು ಈ ಕೊರತೆಯನ್ನು ನೀಗಲೆಂದೇ.

1990ರ ದಶಕದಲ್ಲಿ ನಮ್ಮ ಮನೆಗಳಿಗೆ ‘ಟಿ.ವಿ. ಗೇಮ್’ ಎಂದು ಬಂದ ಪೆಟ್ಟಿಗೆಗಳಲ್ಲಿ ಹೆಚ್ಚಿನವು ನಿಂಟೆಂಡೊ ಸಂಸ್ಥೆಯ 1983ರ ಫ್ಯಾಮಿಕಾಂ ಯಂತ್ರದ ಅನುಕರಣೆಗಳು. ಅವುಗಳ ಸ್ವರವೂ ಭಾಗಾಕಾರದಿಂದಲೇ ಹುಟ್ಟುತ್ತದೆ. ಆದರೆ ಬರೆಯಬೇಕಾದ ಸಂಖ್ಯೆ ಒಂದು ಕಡಿಮೆ, ಅಂದರೆ 360ಕ್ಕೆ 359. ತರಂಗದ ಅಗಲವನ್ನು ಬದಲಿಸುವ ಅನುಕೂಲವೂ ಉಂಟು. ಕೆಲವು ಅನುಕರಣೆಗಳಲ್ಲಿ ಅರ್ಧ ಮತ್ತು ಕಾಲು ಅಗಲಗಳು ಅದಲುಬದಲಾಗಿರುವುದರಿಂದ ಒಂದೇ ರಚನೆ ಬೇರೆ ಬಣ್ಣದಲ್ಲಿ ಕೇಳುತ್ತದೆ.

ಕಷ್ಟವಾದದ್ದು ಗಮಕ. ರಿಷಭದ 320ರಿಂದ ಗಾಂಧಾರದ 288ಕ್ಕೆ ಜಾರಲು 32 ಹೆಜ್ಜೆಗಳು. ಒಂದೊಂದೂ 6 ಸೆಂಟಿನ ಒಳಗೆ. ಬಿಬಿಸಿ ಗಣಕ ಸೆಕೆಂಡಿಗೆ 100 ಸಲ ಸಂಖ್ಯೆ ಬದಲಿಸಲು ಅನುವು ಕೊಡುವುದರಿಂದ ಸೆಕೆಂಡಿನ ಮೂರನೆಯ ಒಂದು ಭಾಗದಲ್ಲಿ ಈ ಜಾರು ಮುಗಿಯುತ್ತದೆ. ಕಿವಿಗೆ ಮೆಟ್ಟಿಲು ತೋರದು. ಆದರೆ ಮೇಲಕ್ಕೆ ಹೋದಷ್ಟೂ ಗೆರೆಗಳು ವಿರಳ. ಅತಿತಾರ ಷಡ್ಜದ 90ರ ಬಳಿ ಒಂದು ಹೆಜ್ಜೆಯೇ 19 ಸೆಂಟು, ಹೆಚ್ಚುಕಡಮೆ ಒಂದು ಪ್ರಮಾಣಶ್ರುತಿ. ಅಲ್ಲಿ ಗಮಕವನ್ನು ನಿರೀಕ್ಷಿಸಬಾರದು. ಮಧ್ಯಸ್ಥಾಯಿಯಲ್ಲಿಯೂ ತೋಡಿಯ ಗಾಂಧಾರಕ್ಕೆ 300 ಎಂದು ಬರೆದು ನಿಲ್ಲಿಸಿದರೆ ಅದು ತೋಡಿಯಾಗದು. ಆ ಸ್ವರ ರಿಷಭದ 338ರ ಸಮೀಪದಿಂದ ಮಧ್ಯಮದ 270ರ ಕಡೆಗೆ ತೂಗುತ್ತಿರುತ್ತದೆ. ಒಂದು ತೂಗಾಟಕ್ಕೆ ಕಾಲು ಸೆಕೆಂಡೆಂದರೆ 25 ಸಂಖ್ಯೆಗಳ ಸಾಲೊಂದು ಬೇಕು. ಆ ಸಾಲನ್ನು ಸೂತ್ರದಿಂದ ಬರೆದರೆ ಸೈರನ್ನಿನ ಕೂಗಾಗುತ್ತದೆ. ಗಾಯಕನೊಬ್ಬನ ಧ್ವನಿಮುದ್ರಣವನ್ನು ಅಳೆದು, ಅವನು ಎಲ್ಲಿ ತಡೆದನು, ಎಲ್ಲಿ ಅವಸರಿಸಿದನು ಎಂಬುದನ್ನು ಅನುಸರಿಸಿ ಒಂದೊಂದಾಗಿ ಬರೆಯಬೇಕು.