ಡಬಲ್ ಚೋಲ್ ಅಡಿಕೆ ತಿಂದರೆ ಅಪಾಯವಿಲ್ಲವೇ? ಹಳೆ ಅಡಿಕೆ, ಹಳೆ ಸಿಗಾರ್ ಮತ್ತು ಒಂದು ಫಾರ್ವರ್ಡ್

ಬೆಳ್ತಂಗಡಿ ಪಕ್ಕದ ಲಾಯಿಲದಿಂದ ಓದುಗರೊಬ್ಬರು ನಮಗೊಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿದ್ದಾರೆ. ಕ್ಯೂಬಾದ ಸಿಗಾರ್ ವರ್ಷ ಕಳೆದಷ್ಟೂ ಹದವಾಗುತ್ತದೆ, ನಮ್ಮ ಡಬಲ್ ಚೋಲ್ ಅಡಿಕೆಯೂ ಹಾಗೆಯೇ, ಎರಡು ಮಳೆಗಾಲ ಕಳೆದ ಅಡಿಕೆಯಲ್ಲಿ ವಿಷವೆಲ್ಲ ಹೋಗಿರುತ್ತದೆ, ಅದನ್ನು ತಿಂದರೆ ಕ್ಯಾನ್ಸರ್ ಬರುವುದಿಲ್ಲ ಎಂಬುದು ಅದರ ಸಾರ. ಕೊನೆಗೆ ಎಂದಿನಂತೆ, ಹತ್ತು ಜನರಿಗೆ ಕಳಿಸಿ ಎಂಬ ಅಪ್ಪಣೆ. ಆದರೆ ಓದುಗರ ಪ್ರಶ್ನೆ ತಮಾಷೆಯದಲ್ಲ. ಅವರ ತಂದೆಯವರು ದಿನಕ್ಕೆ ಐದಾರು ಸಲ ವೀಳ್ಯ ಹಾಕುವವರು, ಅದೂ ಅಟ್ಟದಲ್ಲಿಟ್ಟ ಹಳೆ ಅಡಿಕೆಯನ್ನೇ. ಈಚೆಗೆ ಸಾರು ಸ್ವಲ್ಪ ಖಾರವಾದರೂ ಬಾಯಿ ಉರಿ ಎನ್ನುತ್ತಾರಂತೆ. ಡಾಕ್ಟರಿಗೆ ತೋರಿಸೋಣ ಎಂದರೆ, ನಾನು ತಿನ್ನುವುದು ಹಳತು, ಅದರಿಂದ ಏನೂ ಆಗುವುದಿಲ್ಲ ಎಂಬ ಉತ್ತರ.

ಫಾರ್ವರ್ಡಿನಲ್ಲಿ ಅರ್ಧ ಸತ್ಯವಿದೆ. ಅದಕ್ಕೇ ಅದು ಜನರಿಗೆ ಹಿಡಿಸುತ್ತದೆ.

ಕರಾವಳಿಯ ಹೊರಗಿನವರಿಗಾಗಿ ಒಂದು ಮಾತು. ದಕ್ಷಿಣ ಕನ್ನಡದಲ್ಲಿ ಹಣ್ಣಡಿಕೆಯನ್ನು ಅಂಗಳದಲ್ಲಿ 40-45 ದಿನ ಬಿಸಿಲಿಗೆ ಒಣಗಿಸಿ ಸುಲಿಯುತ್ತಾರೆ. ಇದೇ ಚಾಲಿ. ಈ ಹಂಗಾಮಿನದು ಹೊಸ ಅಡಿಕೆ. ಒಂದು ವರ್ಷ ಇಟ್ಟದ್ದು ಹಳತು, ಅಂದರೆ ಸಿಂಗಲ್ ಚೋಲ್. ಇನ್ನೊಂದು ವರ್ಷ ಕಳೆದರೆ ಡಬಲ್ ಚೋಲ್. 1973ರಲ್ಲಿ ಹುಟ್ಟಿದ ಮಂಗಳೂರಿನ ಕ್ಯಾಂಪ್ಕೋ ಸಹಕಾರಿ ಸಂಸ್ಥೆಯಿಂದ ಹಿಡಿದು ಪೇಟೆಯ ಖಾಸಗಿ ವ್ಯಾಪಾರಿಗಳವರೆಗೆ ಎಲ್ಲರ ಧಾರಣೆ ಪಟ್ಟಿಯಲ್ಲೂ ಇವಕ್ಕೆ ಬೇರೆ ಬೇರೆ ಸಾಲು. ಸಾಮಾನ್ಯವಾಗಿ ಹಳತಕ್ಕೆ ರೇಟು ಹೆಚ್ಚು. ಇಟ್ಟಷ್ಟು ದಿನವೂ ತೂಕ ಇಳಿಯುತ್ತದೆ, ಹುಳ ಹಿಡಿಯುವ ಭಯ, ಮಳೆಗಾಲದ ತೇವದ ಭಯ. ಅದನ್ನೆಲ್ಲ ದಾಟಿ ಉಳಿದ ಅಡಿಕೆಗೆ ಗುಜರಾತ್, ಮಹಾರಾಷ್ಟ್ರದ ಕಡೆಯ ಗಿರಾಕಿಗಳು ಹೆಚ್ಚು ಕೊಡುತ್ತಾರೆ. ಈ ರೇಟಿನ ಮೇಲೆ ಮಗಳ ಮದುವೆ, ಮಗನ ಫೀಸು ನಿಂತ ಮನೆಗಳು ಎಷ್ಟೋ ಇವೆ. ಬೆಳೆಗಾರರ ಲೆಕ್ಕಾಚಾರದ ಬಗ್ಗೆ ನಮ್ಮ ತಕರಾರಿಲ್ಲ.

ರುಚಿ ಬದಲಾಗುವುದೂ ನಿಜ. ಅಡಿಕೆಯ ಒಗರಿಗೆ ಕಾರಣ ಟ್ಯಾನಿನ್. ಇದು ಎಂಜಲಿನಲ್ಲಿರುವ ಪ್ರೊಟೀನಿಗೆ ಅಂಟಿಕೊಳ್ಳುತ್ತದೆ. ಆಗ ಬಾಯಿಯ ಜಾರುವಿಕೆ ಹೋಗಿ ನಾಲಗೆ ಒರಟಾದಂತೆ ಆಗುತ್ತದೆ. ಕಾಲ ಕಳೆದಂತೆ ಗಾಳಿಯ ಆಮ್ಲಜನಕ ತಾಗಿ ಟ್ಯಾನಿನ್ ಕಣಗಳು ಒಂದಕ್ಕೊಂದು ಕೂಡಿಕೊಂಡು ದೊಡ್ಡದಾಗುತ್ತವೆ, ಎಂಜಲಿನಲ್ಲಿ ಕರಗುವುದು ಕಡಿಮೆಯಾಗುತ್ತದೆ. ಒಗರು ಇಳಿಯುತ್ತದೆ. ಮಲೆನಾಡಿನವರು ಕಾಯಿಯಡಿಕೆಯನ್ನು ಬೇಯಿಸುವಾಗ ನೀರಿಗೆ ಇಳಿಯುವ ಕೆಂಪು ಚೊಗರಿನಲ್ಲೂ ಇರುವುದು ಮುಖ್ಯವಾಗಿ ಇದೇ ಟ್ಯಾನಿನ್. ಅಲ್ಲಿ ಒಲೆ ಮಾಡುವ ಕೆಲಸದ ಒಂದು ಪಾಲನ್ನು ಇಲ್ಲಿ ಅಟ್ಟ ನಿಧಾನವಾಗಿ ಮಾಡುತ್ತದೆ ಎನ್ನಬಹುದು.

ಸಿಗಾರಿನ ಕಥೆಯೂ ಇದಕ್ಕೆ ಹತ್ತಿರ. ಕ್ಯೂಬಾದ ಪಿನಾರ್ ದೆಲ್ ರಿಯೊ ಪ್ರಾಂತ್ಯದಲ್ಲಿ ಬೆಳೆದ ಎಲೆಯನ್ನು ಮೊದಲು ಕೊಟ್ಟಿಗೆಯಂಥ ಮನೆಯಲ್ಲಿ ತೂಗುಹಾಕಿ ಒಣಗಿಸುತ್ತಾರೆ. ಆಮೇಲೆ ರಾಶಿ ಹಾಕಿ ಹುದುಗಲು ಬಿಡುತ್ತಾರೆ. ರಾಶಿಯೊಳಗೆ ಕಾವು ಏರುತ್ತದೆ, ಪ್ರೊಟೀನ್ ಒಡೆದು ಅಮೋನಿಯ ಹೊರಬರುತ್ತದೆ, ಮೂಗಿಗೆ ಹೊಡೆಯುವ ವಾಸನೆ ತಗ್ಗುತ್ತದೆ. ಸುತ್ತಿದ ಸಿಗಾರನ್ನು ಸುಮಾರು ಶೇ. 65-70 ತೇವಾಂಶದ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಉಳಿದ ಖಾರ, ಕಹಿ ಇನ್ನಷ್ಟು ಇಳಿಯುತ್ತದೆ. ‘ಗ್ರಾನ್ ರಿಸರ್ವ’ ಎಂಬ ಹೆಸರಿನ ಸಿಗಾರಿಗೆ ಕನಿಷ್ಠ ಐದು ವರ್ಷ ಇಟ್ಟ ಎಲೆಯನ್ನೇ ಬಳಸುತ್ತಾರೆ. ತೀರಾ ಹಳತಾದರೆ ಪರಿಮಳದ ಎಣ್ಣೆ ಅಂಶವೂ ಹಾರಿಹೋಗಿ ಸಪ್ಪೆಯಾಗುತ್ತದೆ ಎನ್ನಿ.

ಆದರೆ ತಂಬಾಕಿನಲ್ಲಿ ಕ್ಯಾನ್ಸರ್ ತರುವ ನೈಟ್ರೊಸಮೀನ್ ಎಂಬ ವಸ್ತುಗಳು ಹುಟ್ಟುವುದೇ ಹೆಚ್ಚಾಗಿ ಎಲೆಯನ್ನು ಹದಗೊಳಿಸುವಾಗ, ಹುದುಗಿಸುವಾಗ. ಉಳಿದದ್ದನ್ನು ಬೆಂಕಿ ಹುಟ್ಟಿಸುತ್ತದೆ. ಹತ್ತು ವರ್ಷದ ಸಿಗಾರನ್ನು ಹಚ್ಚಿದರೂ ಟಾರ್, ಕಾರ್ಬನ್ ಮೋನಾಕ್ಸೈಡ್ ಬಂದೇ ಬರುತ್ತವೆ. ಹಳೆ ಸಿಗಾರು ಗಂಟಲಿಗೆ ಹಿತ, ಅಷ್ಟೇ.

ಅಡಿಕೆಗೆ ಬರೋಣ. ಹೊಸತು ತಿಂದು ಅಭ್ಯಾಸವಿಲ್ಲದವರಿಗೆ ಸೊಕ್ಕುತ್ತದಲ್ಲ, ಬೆವರು, ಕಿವಿ ಬಿಸಿ, ತಲೆ ತಿರುಗು, ಅದಕ್ಕೆ ಮುಖ್ಯ ಕಾರಣ ಅರೆಕೋಲಿನ್ ಎಂಬ ಬೇರೆಯೇ ವಸ್ತು. ಒಗರು ಇಳಿದ ಮಾತ್ರಕ್ಕೆ ಅರೆಕೋಲಿನ್ ಹೋಯಿತು ಎನ್ನಲು ಬರುವುದಿಲ್ಲ. ನಾಲಗೆಗೆ ಗೊತ್ತಾಗುವುದು ಟ್ಯಾನಿನ್ ಕಥೆ ಮಾತ್ರ. ಊಟದ ಮೇಲೆ ಡಬಲ್ ಚೋಲ್ ಹಾಕಿದಾಗಲೂ ಮೈ ಸ್ವಲ್ಪ ಬೆಚ್ಚಗಾಗಿ ಚುರುಕೆನಿಸುತ್ತದೆ ಎಂದಾದರೆ ಆ ವಸ್ತು ಅಲ್ಲೇ ಇದೆ.

ಇನ್ನೊಂದು ವಿಷಯ ಫಾರ್ವರ್ಡ್ ಬರೆದವರಿಗೆ ಹೊಳೆದಂತಿಲ್ಲ. ಅಡಿಕೆಯಲ್ಲಿ ತಾಮ್ರದ ಅಂಶ ಹೆಚ್ಚು. ಬಾಯಿಯ ಒಳಪದರ ನಾರುಗಟ್ಟಿ ಬಿಗಿಯುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ರೋಗದಲ್ಲಿ ಅರೆಕೋಲಿನ್ ಜೊತೆಗೆ ಈ ತಾಮ್ರದ ಪಾತ್ರವೂ ಇದೆ ಎನ್ನುತ್ತಾರೆ ಸಂಶೋಧಕರು. ಲೋಹವನ್ನು ಎಷ್ಟು ವರ್ಷ ಅಟ್ಟದಲ್ಲಿಟ್ಟರೂ ಆವಿಯಾಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಇಲ್ಲದ ವೀಳ್ಯವೂ ಅದೇ ಗುಂಪಿನಲ್ಲಿದೆ. ಹೊಗೆಸೊಪ್ಪು ಹಾಕುವುದಿಲ್ಲವಲ್ಲ ಎಂಬ ಸಮಾಧಾನಕ್ಕೂ ಅಲ್ಲಿ ಜಾಗವಿಲ್ಲ. ಹೊಸತು ಹಳತೆಂಬ ವಿನಾಯಿತಿಯೂ ಇಲ್ಲ. ಆ ಗುಂಪಿಗೆ ಸೇರಿಸಿದ್ದು ಅಡಿಕೆಯಿಂದ ಕ್ಯಾನ್ಸರ್ ಬರಬಲ್ಲದು ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ ಎಂದು. ತಿಂದವರಿಗೆಲ್ಲ ಬಂದೇ ಬರುತ್ತದೆ ಎಂದಲ್ಲ. ಎಷ್ಟು, ಎಷ್ಟು ವರ್ಷ ಎಂಬುದು ಮುಖ್ಯ. ನಮಗೆ ಹೆದರಿಕೆಯಾಗುವುದು ಇಲ್ಲೇ. ಒಗರಿಲ್ಲ, ಸೊಕ್ಕುವುದಿಲ್ಲ, ಅಪಾಯವೂ ಇಲ್ಲ ಎಂದುಕೊಂಡವರು ಎರಡರ ಜಾಗದಲ್ಲಿ ಆರು ಸಲ ಹಾಕುತ್ತಾರೆ.

ಹಳತರಿಂದ ಅಪಾಯ ಹೆಚ್ಚುವ ದಾರಿಯೂ ಒಂದಿದೆ. ಸರಿಯಾಗಿ ಒಣಗದ ಅಡಿಕೆ ನಮ್ಮ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಕೆಲವು ಬೂಸ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಅದು ಯಕೃತ್ತಿನ ಕ್ಯಾನ್ಸರಿಗೆ ಕಾರಣ. ಮೇಲಿನ ಬೂಸ್ಟನ್ನು ಒರೆಸಿ ಅಥವಾ ಮತ್ತೆ ಬಿಸಿಲಿಗೆ ಹಾಕಿದ ಮಾತ್ರಕ್ಕೆ ಒಳಗಿಳಿದ ವಿಷ ಪೂರ್ತಿ ಹೋಗುವುದಿಲ್ಲ.

ಲಾಯಿಲದ ಓದುಗರಿಗೆ: ತಂದೆಯವರಿಗೆ ಬಾಯಿ ತೆರೆದು ತಮ್ಮದೇ ಮೂರು ಬೆರಳನ್ನು, ತೋರು, ನಡು, ಉಂಗುರ ಬೆರಳು, ಒಂದರ ಮೇಲೊಂದು ಬರುವಂತೆ ಹಲ್ಲುಗಳ ನಡುವೆ ಇಡಲು ಹೇಳಿ. ಸಾಮಾನ್ಯವಾಗಿ ಮೂರೂ ಹಿಡಿಸುತ್ತವೆ. ಎರಡೇ ಹಿಡಿಸಿದರೆ, ಕೆನ್ನೆಯ ಒಳಭಾಗ ಬಿಳಚಿ ಗಟ್ಟಿಯಾಗಿದ್ದರೆ, ಅಥವಾ ಎರಡು ವಾರ ಕಳೆದರೂ ಮಾಯದ ಹುಣ್ಣಿದ್ದರೆ ತಡಮಾಡಬೇಡಿ. ಮೂರು ಬೆರಳು ಹಿಡಿಸಿದರೂ ಖಾರಕ್ಕೆ ಬಾಯಿ ಉರಿಯುವುದು ಈ ರೋಗದ ಮೊದಲ ಲಕ್ಷಣಗಳಲ್ಲಿ ಒಂದು. ಹಾಗಾಗಿ ದಂತವೈದ್ಯರಿಗೆ ಒಮ್ಮೆ ತೋರಿಸಲೇಬೇಕು. ಅಲ್ಲಿಯವರೆಗೆ ಅಡಿಕೆ ಹಳತೋ ಹೊಸತೋ, ಮುಟ್ಟದಿರುವುದು ಒಳ್ಳೆಯದು. ಅಟ್ಟದಲ್ಲಿರುವ ಡಬಲ್ ಚೋಲ್ ಮಾರಾಟಕ್ಕೆ ಇರಲಿ.